ಕೆಂಪು ಬೋರಿಂಗು, ಹಸಿರು ನಲ್ಲಿ

ಸಂಸ್ಥೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಓದಿಸಲು ನಾಲ್ಕು ಪುಟ ಬರೆದುಕೊಡಿ ಎಂದು ಆಫೀಸಿನಿಂದ ಫೋನು ಬಂತು. "ಯಶೋಗಾಥೆ ಇದ್ದರೆ ಚೆನ್ನಾಗಿರುತ್ತೆ ಮೇಡಂ" ಎಂದರು. ಯಶೋಗಾಥೆಗಳು ನಿಮ್ಮ ಕಪಾಟಿನಲ್ಲೇ ಬೇಕಾದಷ್ಟಿವೆ, ಫೋಟೋ ಸಮೇತ. ಅವುಗಳಲ್ಲಿ ಅರ್ಧ ನಾನೇ ಬರೆದವು, ಆದ್ದರಿಂದ ಅವುಗಳ ಯೋಗ್ಯತೆ ನನಗೆ ಗೊತ್ತು. ಇಲ್ಲಿ ಬೇರೆಯದನ್ನು ಬರೆಯುತ್ತೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ನಿಮಗೆ ಬೇಡ, ನನಗೂ ಬೇಡ.

ನಾನು ಕೊಟ್ಟೂರಿನವಳು. ಅಪ್ಪನದು ಶೇಂಗಾ ವ್ಯಾಪಾರ. ನಮ್ಮ ಮನೆಯಲ್ಲಿ ಕುಡಿಯುವ ನೀರಿನ ಹಂಡೆಯನ್ನು ಸ್ನಾನವಾಗದೆ ಯಾರೂ ಮುಟ್ಟುವಂತಿರಲಿಲ್ಲ. ಅಂಥ ಮನೆಯ ಹುಡುಗಿ ಹಳ್ಳಿಹಳ್ಳಿಗೆ ಹೋಗಿ ನೀರು, ಪಾಯಿಖಾನೆ ಎಂದು ಮಾತಾಡುವ ಕೆಲಸಕ್ಕೆ ಸೇರಿದಾಗ ಅವ್ವ ಒಂದು ವಾರ ಮಾತು ಬಿಟ್ಟಳು. ಎಂಟನೆಯ ದಿನ ಬಾಟಲಿಯಲ್ಲಿ ಮನೆಯ ನೀರು ತುಂಬಿ ಚೀಲಕ್ಕಿಟ್ಟಳು. "ಸಿಕ್ಕಸಿಕ್ಕಲ್ಲಿ ಕುಡೀಬ್ಯಾಡ" ಎಂದಳು. ಅದೇ ಅವಳ ಒಪ್ಪಿಗೆ.

ಆ ಬಾಟಲಿ ನನ್ನ ಮೊದಲ ಪಾಠ. ಹಡಗಲಿ ತಾಲ್ಲೂಕಿನ ಮಾಗಳದಲ್ಲಿ ಹೊಳೆಯ ನೀರನ್ನು ಸೋಸಿ, ಕುದಿಸಿ ಕುಡಿಯಬೇಕು ಎಂದು ಒಂದು ಕಟ್ಟೆಯ ಮೇಲೆ ಕೂತು ಹೆಂಗಸರಿಗೆ ಅರ್ಧ ಗಂಟೆ ಹೇಳಿದೆ. ಬಿಸಿಲು. ಗಂಟಲು ಒಣಗಿತ್ತು. ಒಬ್ಬ ಮುದುಕಿ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. ನಾನು ಅದನ್ನು ಪಕ್ಕಕ್ಕಿಟ್ಟು ಚೀಲದಿಂದ ಬಾಟಲಿ ತೆಗೆದು ಕುಡಿದೆ. ಮುದುಕಿ ನನ್ನನ್ನು ನೋಡಿದಳು, ಚೊಂಬನ್ನು ನೋಡಿದಳು.

"ನಿನ್ನ ನೀರು ನಿನ್ನ ಹತ್ರ ಐತಿ ಅಂದ್ರ ನಮ್ಮ ನೀರಿನ ಸುದ್ದಿ ನಿನಗ್ಯಾಕಬೇ?" ಎಂದಳು.

ಚೊಂಬು ಎತ್ತಿ ಕುಡಿದೆ. ಒಂದು ವಾರ ಭೇದಿಯಾಯಿತು. ಆದರೂ ಆಮೇಲೆ ಬಾಟಲಿ ಒಯ್ಯಲಿಲ್ಲ. ಎಲ್ಲಿ ಏನು ಕೊಟ್ಟರೂ ಕುಡಿದೆ. ನಾನು ಓಡಾಡಿದ ಐದು ತಾಲ್ಲೂಕಿನಲ್ಲೂ ನನಗೆ 'ನೀರಿನಕ್ಕ' ಎಂಬ ಹೆಸರು ಬಂದದ್ದು ಭಾಷಣದಿಂದಲ್ಲ, ಹೀಗೆ ಕುಡಿದದ್ದರಿಂದ. ನೀವು ಈಗ ಬಾಟಲಿ ಒಯ್ಯುತ್ತೀರಿ, ಒಯ್ಯಿರಿ, ಹೊಟ್ಟೆ ನಿಮ್ಮದು. ಆದರೆ ಅವರ ಮುಂದೆ ಮುಚ್ಚಳ ತಿರುಗಿಸಬೇಡಿ.

ಎರಡನೆಯದು ತಂಬ್ರಹಳ್ಳಿಯದು. ಅಲ್ಲಿ ಒಂದು ಓಣಿಗೆ ನಾವು ಸಾಲಾಗಿ ಪಾಯಿಖಾನೆ ಕಟ್ಟಿಸಿದೆವು. ಎಲ್ಲ ಬಾಗಿಲುಗಳೂ ರಸ್ತೆಗೆ ಮುಖ. ಅದು ನಮ್ಮ ಮೇಲಧಿಕಾರಿ ರಾಜಶೇಖರ ಸರ್ ಅವರ ಆಜ್ಞೆ. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ. ಆದರೆ ತಪಾಸಣೆಗೆ ದೊಡ್ಡವರು ಬಂದಾಗ ಜೀಪಿನಿಂದ ಇಳಿಯದೆಯೇ ಎಣಿಸುವಂತಿರಬೇಕು ಎಂಬುದು ಅವರ ಆಸೆ. ದೊಡ್ಡವರು ಬಂದರು, ಎಣಿಸಿದರು, ಹೋದರು. ಆರು ತಿಂಗಳಾದರೂ ಒಂದು ಹೆಣ್ಣೂ ಒಳಗೆ ಹೋಗಲಿಲ್ಲ. ಸಭೆ ಮಾಡಿದೆ, ಚಿತ್ರಪಟ ತೋರಿಸಿದೆ, ಜಂತುಹುಳದ ಕಥೆ ಹೇಳಿದೆ. ಎಲ್ಲರೂ ತಲೆಯಾಡಿಸಿ ಸಂಜೆ ಚೊಂಬು ಹಿಡಿದು ಹಳ್ಳದ ಕಡೆಗೇ ಹೊರಟರು. ಕೊನೆಗೆ ಒಬ್ಬಳು ಸೊಸೆ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: "ಅಕ್ಕಾರ, ಎದುರಿಗೆ ಹೋಟ್ಲೈತಿ. ಚಾ ಕುಡಿಯೋ ಗಂಡಸ್ರು ಇಡೀ ದಿನ ಕುಂತಿರ್ತಾರ. ನಾ ಒಳಗ ಎಷ್ಟೊತ್ತು ಇದ್ದೆ ಅಂತ ಅವ್ರಿಗೆ ಲೆಕ್ಕ ಸಿಗ್ತೈತಿ. ನೀವಾಗಿದ್ರ ಹೋಗ್ತಿದ್ರೇನ್ರಿ?"

ಬಾಗಿಲು ಕಿತ್ತು ಹಿತ್ತಲ ಕಡೆಗೆ ತಿರುಗಿಸಿದೆವು. ಮರುದಿನದಿಂದ ಬಳಕೆ ಶುರು. ವರದಿಯಲ್ಲಿ ಮಾತ್ರ 'ನಿರಂತರ ಅರಿವು ಮೂಡಿಸಿದ್ದರ ಫಲ' ಎಂದು ಬರೆದೆ. 'ಅರಿವು' ಎಂಬ ಮಾತು ನೆನಪಿನಲ್ಲಿಡಿ. ನಮ್ಮ ಕಸುಬಿನಲ್ಲಿ ತಪ್ಪನ್ನು ಮುಚ್ಚಿಕೊಳ್ಳಲು ಅದಕ್ಕಿಂತ ಒಳ್ಳೆಯ ಚಾದರ ಇಲ್ಲ. ಮುಂದೆ ಹೇಳುವ ಸಂಗತಿಯಲ್ಲಿ ನಾನು ಅದನ್ನೇ ಹೊದ್ದು ಒಂದು ವರ್ಷ ಮಲಗಿದ್ದೆ.

ಕೂಡ್ಲಿಗಿಯಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ಹೋದರೆ ಒಂದು ಹಟ್ಟಿ. ಹೆಸರು ಬರೆಯುವುದಿಲ್ಲ. ಬಹುಪಾಲು ಕುರಿ ಸಾಕುವವರು. ಇಡೀ ಹಟ್ಟಿಗೆ ಇದ್ದದ್ದು ಒಂದೇ ಬೋರಿಂಗು, ಅಂದರೆ ಕೈಪಂಪು. ಆಗ ನೀರು ಪರೀಕ್ಷೆಗೆ ನಿಮ್ಮ ಹಾಗೆ ಮೀಟರು, ಫೋನು ಏನೂ ಇರಲಿಲ್ಲ. ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ಗಾಜಿನ ಸೀಸೆ, ಒಂದು ಔಷಧಿ. ನೀರಿಗೆ ಔಷಧಿ ಬೆರೆಸಿ ಅಲ್ಲಾಡಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಅದು ನಿಂತರೆ ಕ್ಷೇಮ. ಹಳದಿಗೆ ತಿರುಗಿದರೆ ಫ್ಲೋರೈಡ್ ವಿಪರೀತ ಎಂದರ್ಥ. ಆ ಬೋರಿಂಗಿನ ನೀರು ಹಾಕಿದೊಡನೆ ಸೀಸೆ ಅರಿಸಿನದ ನೀರಾಯಿತು. ಸುತ್ತ ನಿಂತವರಿಗೆ ಖುಷಿಯೋ ಖುಷಿ. "ಇನ್ನೊಂದ್ ಸಲ ಮಾಡ್ರಿ" ಎಂದರು.

ಫ್ಲೋರೈಡಿನ ಕಷ್ಟ ಇದೇ. ನೀರು ನೋಡಲು ತಿಳಿ, ಕುಡಿಯಲು ಸಿಹಿ. ವಾಸನೆ ಇಲ್ಲ, ಹುಳ ಇಲ್ಲ, ಕುದಿಸಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ದೊಡ್ಡವರ ಸೊಂಟ ಹಿಡಿಯುತ್ತದೆ, ಬೆಳೆಯುವ ಮಕ್ಕಳ ಮೂಳೆ ಬಾಗುತ್ತದೆ, ಹಲ್ಲು ಕಂದಾಗುತ್ತದೆ. ಹಾಗೆ ಬಾಗಿದ ಮೂಳೆ, ಕಂದಾದ ಹಲ್ಲು ಮತ್ತೆ ಮೊದಲಿನಂತಾಗುವುದಿಲ್ಲ.

ಬೋರಿಂಗಿನ ಪಕ್ಕದ ಮನೆ ಮೈಲಪ್ಪನದು. ಅವನ ಹೆಂಡತಿ ಗಾಳೆಮ್ಮ. ದೊಡ್ಡ ಮಗಳು ದುರುಗಮ್ಮನಿಗೆ ಆಗ ಹತ್ತು ವರ್ಷವಿರಬೇಕು. ಎರಡೂ ಮೊಣಕಾಲು ಒಳಕ್ಕೆ ಬಾಗಿ, ನಡೆದರೆ ಒಂದಕ್ಕೊಂದು ತಾಗುತ್ತಿದ್ದವು. ಆ ಮನೆಯಲ್ಲಿ ಇದನ್ನು ಯಾವುದೋ ದೇವರ ಮುನಿಸು ಎಂದುಕೊಂಡಿದ್ದರು. ಅದು ನೀರಿನದು ಎಂದು ನಾನು ಹೇಳಿದ ದಿನ ಗಾಳೆಮ್ಮ ಅಳಲಿಲ್ಲ. ಕಂಕುಳಲ್ಲಿದ್ದ ಕೂಸನ್ನು ಮುಂದಕ್ಕೆ ಹಿಡಿದಳು. ಅದು ಎರಡನೆಯ ಮಗಳು ರೇಣುಕಾ, ವರ್ಷ ತುಂಬಿ ಕೆಲವು ತಿಂಗಳು.

"ಇದು ಇನ್ನಾ ನೀರು ಮುಟ್ಟಿಲ್ರಿ ಅಕ್ಕಾರ. ಬರೇ ನನ್ನ ಹಾಲು, ಕುರಿಹಾಲಾಗ ನೆನಸಿದ ರೊಟ್ಟಿ. ಇದೂ ಹಂಗ ಆಗ್ತೈತೇನ್ರಿ?"

ನಾನು ಕೂಡ್ಲಿಗಿಯ ನರ್ಸಮ್ಮನನ್ನು ಕೇಳಿಕೊಂಡು ಬಂದು ಹೇಳಿದೆ: ತಾಯಿ ಎಂಥ ನೀರು ಕುಡಿದರೂ ಎದೆಹಾಲಿಗೆ ಆ ವಿಷ ಇಳಿಯುವುದಿಲ್ಲವಂತೆ. ಹಾಲು ಬಿಟ್ಟು ನೀರಿಗೆ ಬಿದ್ದ ದಿನದಿಂದಲೇ ಅಪಾಯ. "ನಾನು ಒಳ್ಳೇ ನೀರು ತರೋ ತನಕ ಹಾಲು ಬಿಡಿಸಬೇಡ" ಎಂದೆ. ಸುಮ್ಮನೆ ಬಾಯಿಗೆ ಬಂತು. ಅವಳು ನನ್ನ ಕೈ ಹಿಡಿದುಕೊಂಡು, "ಮಾತು ಕೊಟ್ರಿ ಮತ್ತ?" ಎಂದಳು. ಕೊಟ್ಟೆ ಎಂದೆ.

ಹಟ್ಟಿಗೆ ಅರ್ಧ ಮೈಲಿ ದೂರದಲ್ಲಿ ಒಬ್ಬ ಗೌಡರ ಹೊಲದಲ್ಲಿ ಹಳೆಯ ಕಲ್ಲುಬಾವಿ ಇತ್ತು. ಅದರ ನೀರಿಗೆ ಸೀಸೆ ಗುಲಾಬಿಯಾಗಿಯೇ ಉಳಿಯಿತು. ಗೌಡರು ನೀರು ಕೊಡಲು ಒಪ್ಪಿದರು. ಆದರೆ ಹೂಳು ತೆಗೆಯಬೇಕು, ಬಾಯಿ ಮುಚ್ಚಿಸಬೇಕು, ಮೋಟರು ಕೂರಿಸಬೇಕು, ಪೈಪು ಎಳೆಯಬೇಕು, ಹಟ್ಟಿಯಲ್ಲಿ ತೊಟ್ಟಿ ಕಟ್ಟಬೇಕು. ಒಂದೊಂದಕ್ಕೂ ಒಂದೊಂದು ಅಡ್ಡಿ. ಕರೆಂಟಿನವರು ಇವತ್ತು ನಾಳೆ ಎಂದರು, ಪೈಪು ಬಂತು ಅಂದರೆ ಕೆಲಸದವನು ಬರಲಿಲ್ಲ. ನಾನು ಹೋದಾಗಲೆಲ್ಲ ಗಾಳೆಮ್ಮ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದಳು: "ಯಾವಾಗ್ರಿ?"

ಮೈಲಪ್ಪನ ತಾಯಿ ಹಲ್ಲಿಲ್ಲದ ಬಾಯಲ್ಲೇ ಊರನ್ನು ಆಳುವಂಥ ಅಜ್ಜಿ. ಸೊಸೆ ಇಷ್ಟು ದೊಡ್ಡ ಕೂಸಿಗೆ ಹಾಲು ಕೊಡುವುದು ಅವಳಿಗೆ ಸಹಿಸದು. ಬೇವಿನ ಸೊಪ್ಪು ಅರೆದು ಎದೆಗೆ ಹಚ್ಚಿದರೆ ಕಹಿಗೆ ಕೂಸು ತಾನೇ ಬಿಡುತ್ತದೆ ಎಂದು ದಿನಾ ಅರೆದಿಡುತ್ತಿದ್ದಳು. ಗಾಳೆಮ್ಮ ದಿನಾ ಅದನ್ನು ಬೇಲಿಯಾಚೆ ಎಸೆಯುತ್ತಿದ್ದಳು. "ನಮ್ಮತ್ತಿ ಕೈಗೆ ಬೇವಿನ ಗಿಡ ಬೋಳಾತ್ರಿ, ಲಗೂ ನೀರು ತರ್ರಿ" ಎಂದು ನಗುತ್ತಲೇ ಹೇಳಿದಳು. ನಗು ಬಾಯಲ್ಲಿತ್ತು, ಕಣ್ಣಲ್ಲಿ ಇರಲಿಲ್ಲ.

ನೀರು ಬಂತು. ಕೂಸಿಗೆ ಎರಡು ತುಂಬುವುದರೊಳಗೇ ಬಂತು. ತೊಟ್ಟಿಯ ನಲ್ಲಿಯಿಂದ ಮೊದಲ ಕೊಡ ತುಂಬಿದವಳು ಗಾಳೆಮ್ಮ. ಅವತ್ತೇ ಅತ್ತೆಯ ಮುಂದೆ ಕೂತು, ಅತ್ತೆ ಅರೆದ ಬೇವನ್ನು ತಾನೇ ಹಚ್ಚಿಕೊಂಡಳು. ಕೂಸು ಕಹಿಗೆ ಮುಖ ಕಿವುಚಿ ಚೀರಿತು. ನಾನು ಲೋಟದಲ್ಲಿ ಆ ನೀರನ್ನು ಕುಡಿಸಿದೆ. ನನಗೆ ಅಷ್ಟು ಸಂತೋಷ ಆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಇಲ್ಲಿಗೆ ಮುಗಿಸಿದ್ದರೆ ನಿಮ್ಮ ಕಪಾಟಿನ ಯಶೋಗಾಥೆಗೆ ಇನ್ನೊಂದು ಸೇರುತ್ತಿತ್ತು.

ಒಂದು ವಾರದ ಮೇಲೆ ಬಣ್ಣದ ಡಬ್ಬಿ ಹಿಡಿದು ಹೋದೆ. ನಿಯಮ ಎಲ್ಲ ಊರಿಗೂ ಒಂದೇ: ಕೆಟ್ಟ ಬೋರಿಂಗಿಗೆ ಕೆಂಪು, ಒಳ್ಳೆಯ ನಲ್ಲಿಗೆ ಹಸಿರು. ಓದಲು ಬಾರದವರಿಗೂ ತಿಳಿಯಲಿ ಎಂದು ರಾಜಶೇಖರ ಸರ್ ಮಾಡಿದ ಏರ್ಪಾಡು. ನನಗೂ ಬಹಳ ಹಿಡಿಸಿತ್ತು. ಬೋರಿಂಗಿಗೆ ಹಿಡಿಕೆಯಿಂದ ಬುಡದವರೆಗೆ ಕೆಂಪು ಬಳಿಸಿದೆ, ತೊಟ್ಟಿಗೆ ಹಸಿರು. ಫೋಟೋ ತೆಗೆದೆ. ಪಾತ್ರೆ ತೊಳೆಯಲು, ಬಟ್ಟೆಗೆ, ದನಕರುವಿಗೆ ಇರಲಿ ಎಂದು ಬೋರಿಂಗು ಕೀಳಿಸಲಿಲ್ಲ.

ಮುಂದಿನ ತಿಂಗಳು ಹೋದರೆ ಹಟ್ಟಿಯ ಎಲ್ಲರೂ ಹಸಿರು ನಲ್ಲಿಯಿಂದ ಒಯ್ಯುತ್ತಿದ್ದಾರೆ. ಮೈಲಪ್ಪನ ಮನೆಯವರು ಮಾತ್ರ ಕೆಂಪು ಬೋರಿಂಗು ಹೊಡೆಯುತ್ತಿದ್ದಾರೆ. ಅಷ್ಟು ಕಾದವಳು ಗಾಳೆಮ್ಮನೇ! ನನಗೆ ಮೈ ಉರಿಯಿತು. "ಏನಿದು?" ಎಂದೆ. ಅವಳು ಕೊಡದ ಬಾಯಿ ನೋಡುತ್ತ ನಿಂತಳು. ಒಳಗಿನಿಂದ ಮೈಲಪ್ಪ, "ನಮಗ ಇದೇ ಸಾಕ್ರಿ, ನಮ್ಮಪ್ಪ ಕುಡದಿದ್ದು ಇದೇ ನೀರು" ಎಂದ. ನಾನು ಆ ದಿನ ಡೈರಿಯಲ್ಲಿ 'ಅರಿವಿನ ಕೊರತೆ' ಎಂದು ಬರೆದೆ.

ಹದಿನೈದು ದಿನದ ಮೇಲೆ ಗಾಳೆಮ್ಮ ಕೂಡ್ಲಿಗಿಗೇ ಬಂದಳು. ಸಂತೆಯ ನೆಪ ಮಾಡಿ ಬಸ್ಸು ಹತ್ತಿ, ವಿಳಾಸ ಕೇಳಿಕೊಂಡು ನಮ್ಮ ಆಫೀಸಿಗೆ ಬಂದಿದ್ದಳು. ರೇಣುಕಾ ಕಂಕುಳಲ್ಲಿ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಆಫೀಸಿನಲ್ಲಿ ಇನ್ನೂ ನಾಲ್ಕು ಜನ ಇದ್ದರು.

"ಅಕ್ಕಾರ, ಆ ಬಣ್ಣ ತಗಸ್ರಿ."

"ಯಾವ ಬಣ್ಣ?"

"ಬೋರಿಂಗಿಂದು, ನಲ್ಲಿದು. ಎರಡೂ ತಗಸ್ರಿ. ಬ್ಯಾರೆ ಯಾವ್ದಾದ್ರೂ ಹಚ್ರಿ. ಕರೇದು ಹಚ್ರಿ, ಸುಣ್ಣ ಬಳೀರಿ, ಏನಾದ್ರೂ ಆತು."

ತಮ್ಮ ಮನೆಯ ಮುಂದಿನ ಬೋರಿಂಗಿಗೆ ಕೆಂಪು ಬಳಿದದ್ದು ಅವಳಿಗೆ ಅವಮಾನವಾಗಿದೆ ಎಂದುಕೊಂಡೆ. ಬಿಡಿಸಿ ಹೇಳಿದೆ: ಕೆಂಪು ಅಂದರೆ ಅಪಾಯ, ಲೋಕಕ್ಕೆಲ್ಲ ಅದೇ ಗುರುತು, ರೈಲು ನಿಲ್ಲಿಸುವುದಕ್ಕೂ ಕೆಂಪೇ. ಇನ್ನೂ ಏನೇನೋ ಹೇಳಿದೆ. ಹದಿನೈದು ನಿಮಿಷವಾದರೂ ಹೇಳಿರಬೇಕು.

"ನಾವು ರೈಲು ನೋಡಿಲ್ರಿ" ಎಂದಳು.

ಆಫೀಸಿನವರು ನಕ್ಕರು. ನಾನೂ ನಕ್ಕೆ. ಅವಳು ಇನ್ನೇನೋ ಹೇಳಲಿಕ್ಕಿದ್ದಂತೆ ಬಾಯಿ ತೆರೆದು, ಸುತ್ತ ನೋಡಿ, "ಆತ್ರಿ, ಬರ್ತೀನಿ" ಎಂದು ಹೋದಳು. ಆ ನಾಲ್ಕು ಜನರನ್ನು ಹೊರಗೆ ಕಳಿಸಿ 'ಯಾಕೆ?' ಎಂಬ ಒಂದು ಮಾತು ಕೇಳಿದ್ದರೆ ಸಾಕಿತ್ತು. ನನಗೆ ಹೇಳುವುದು ರೂಢಿಯಾಗಿತ್ತು, ಕೇಳುವುದು ಆಗಿರಲಿಲ್ಲ.

ರಾಜಶೇಖರ ಸರ್ ಹತ್ತಿರ ಹೋಗಿ ಒಂದು ಕುಟುಂಬ ಹಟ ಹಿಡಿದಿದೆ ಎಂದೆ. ಅವರು ಬೀದಿನಾಟಕದ ತಂಡ ಕಳಿಸಿದರು. ನಾಟಕದಲ್ಲಿ ಫ್ಲೋರೈಡ್ ರಾಕ್ಷಸ ಬಂದ. ಮೈತುಂಬ ಕೆಂಪು ಬಣ್ಣ, ಕೆಂಪು ರುಮಾಲು. ಅವನು ಕುಣಿದು, "ನಾನು ಕೆಂಪು ಬೋರಿಂಗಿನ ಒಡೆಯ!" ಎಂದು ಗರ್ಜಿಸಿದಾಗ ಹಟ್ಟಿಗೆ ಹಟ್ಟಿಯೇ ಮೈಲಪ್ಪನ ಕಡೆ ತಿರುಗಿ ಬಿದ್ದು ಬಿದ್ದು ನಕ್ಕಿತು. ಮೈಲಪ್ಪ ಎದ್ದು ಹೋದ. ನಾಟಕ ಭಾರಿ ಯಶಸ್ವಿ ಎಂದು ನಾನು ಬರೆದೆ. 'ಒಬ್ಬರು ಮಧ್ಯದಲ್ಲಿ ನಿರ್ಗಮಿಸಿದರು' ಎಂದೂ ಬರೆದೆ.

ಹೀಗೆ ಒಂದು ವರ್ಷ ಹೋಯಿತು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ರೇಣುಕಾ ಓಡಲು ಕಲಿತಳು, ಮಾತು ಕಲಿತಳು. ಬೋರಿಂಗಿನ ಕೆಳಗೆ ಬೊಗಸೆ ಒಡ್ಡಿ ಕುಡಿಯಲೂ ಕಲಿತಳು. ಅದನ್ನು ನೋಡಿದ ದಿನ ಗಾಳೆಮ್ಮನ ಮೇಲೆ ರೇಗಿದೆ. "ನಿನ್ನಂಥ ತಾಯಿನ ನಾ ನೋಡಿಲ್ಲ" ಎಂದೆ. ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ಹಾಗೆಂದೆ.

ಸತ್ಯ ತಿಳಿದದ್ದು ಕುರಿಗಳಿಂದ. ನಾನು ಹೋಗುವ ಹೊತ್ತಿಗೆ ಹಿಂಡುಗಳು ಯಾವಾಗಲೂ ಅಡವಿಯಲ್ಲಿರುತ್ತಿದ್ದವು, ಬೇಸಗೆಯಲ್ಲಂತೂ ಹೊಳೆಯ ಕಡೆಗೆ ವಲಸೆ. ಆ ದಿನ ಮೊದಲ ಮಳೆಗೆ ಅವೆಲ್ಲ ಹಟ್ಟಿಗೆ ಮರಳಿದ್ದವು. ಎರಡು ಹಿಂಡು ಬಯಲಲ್ಲಿ ನಿಂತಿದ್ದವು. ಒಂದು ಹಿಂಡಿನ ಪ್ರತಿ ಕುರಿಯ ಬೆನ್ನ ಮೇಲೂ ಅಂಗೈಯಗಲ ಕೆಂಪು ಬಣ್ಣ. ಇನ್ನೊಂದರ ಬೆನ್ನ ಮೇಲೆ ಹಸಿರು. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯನ್ನು, ಮೈಲಪ್ಪನ ತಾಯಿಯನ್ನು, ಇದೇನು ಎಂದು ಕೇಳಿದೆ.

"ಗುರ್ತು. ಹಿಂಡು ಹಿಂಡು ಕೂಡಿದ್ರ ಬಿಡಿಸ್ಕಣಾಕ ಬೇಕಲ್ಲವ್ವ. ಕೆಂಪು ಮೈಲಪ್ಪಂದು. ಹಸ್ರು ನನ್ನ ಸಣ್ಣ ಮಗ ಬೀರಪ್ಪಂದು."

"ಬೀರಪ್ಪ ಬೇರೆ ಇದಾನೇನು?"

"ಬ್ಯಾರೆ ಆಗಿ ವರ್ಸದ ಮ್ಯಾಲಾತು. ಕುರಿ ಪಾಲು ಮಾಡೋವಾಗ ಅಣ್ಣ ತಮ್ಮ ಬಡದಾಡ್ಕಂಡ್ರು. ಅಪ್ಪನ ಕೆಂಪು ಗುರ್ತು ನಂದು ಅಂತ ಮೈಲಪ್ಪ ಇಟ್ಕಂಡ. ಅವ ಹಸ್ರು ಮಾಡ್ಕಂಡ. ಇಬ್ರಿಗೂ ಮಾತಿಲ್ಲ." ಅಜ್ಜಿ ನನ್ನ ಮುಖ ನೋಡಿ ಬೊಚ್ಚು ಬಾಯಲ್ಲಿ ನಕ್ಕಳು. "ನಿನಗ ಗೊತ್ತಿಲ್ಲನು? ನೀನೇ ಪಾಲು ಮಾಡಿ ಕೊಟ್ಟೆಲ್ಲವ್ವ! ಕೆಟ್ಟ ಬೋರಿಂಗು ಕೆಂಪಿನೋನಿಗೆ, ಚಲೋ ನಲ್ಲಿ ಹಸ್ರಿನೋನಿಗೆ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಉಳಿದದ್ದನ್ನೂ ಅಜ್ಜಿಯೇ ಹೇಳಿದಳು. ಬಣ್ಣ ಬಳಿದ ಸಂಜೆ ಬೀರಪ್ಪ ಹತ್ತು ಜನರ ಮುಂದೆ, "ನೋಡಿದ್ಯಾ ಅಣ್ಣಾ? ಪಂಚರು ಮಾಡಿದ ಪಾಲಿಗೆ ಒಪ್ಪಲಿಲ್ಲ ನೀನು. ಈಗ ಸಂಸ್ಥೇರೇ ಮಾಡಿಕೊಟ್ರು. ನಿಂಗ ವಿಸ, ನಂಗ ಅಮೃತ" ಎಂದಿದ್ದ. ತಮಾಷೆಗೇ ಅಂದದ್ದು. ಮೈಲಪ್ಪ ಕೆಂಡವಾಗಿ, ಆ ನಲ್ಲಿಯ ನೀರನ್ನು ನಮ್ಮ ಮನೆಯವರು ಯಾರಾದರೂ ಮುಟ್ಟಿದರೆ ಬೀರಲಿಂಗೇಶ್ವರನ ಆಣೆ ಎಂದುಬಿಟ್ಟ. ಕುರಿಯವರ ಮನೆಯಲ್ಲಿ ದೇವರ ಆಣೆ ಅಂದರೆ ಅದನ್ನು ಮೀರುವವರಿಲ್ಲ. ಆದರೂ ಗಾಳೆಮ್ಮ ಎರಡು ಸಲ ಕದ್ದು ಒಂದು ಚೊಂಬು ತಂದು ಕೂಸಿಗೆ ಕುಡಿಸಿದ್ದಳಂತೆ. ಮೂರನೆಯ ಸಲ ಬೀರಪ್ಪನ ಹೆಂಡತಿ ನೋಡಿ, "ಈಗ ಬೇಕಾತನು ನಮ್ಮ ನೀರು?" ಎಂದಳು. ಆ ಮಾತು ಮೈಲಪ್ಪನ ಕಿವಿಗೆ ಬಿದ್ದು ರಂಪವಾಯಿತು. ಆಮೇಲೆ ಅವಳು ಕೂಡ್ಲಿಗಿಯ ಬಸ್ಸು ಹತ್ತಿದ್ದು.

"ಇದನ್ನ ನನಗೆ ಯಾಕೆ ಹೇಳಲಿಲ್ಲ ಅವಳು?" ಎಂದೆ.

"ಗಂಡನ ಆಣಿ, ಮನಿ ಜಗಳ. ಹೊರಗಿನೋರ ಮುಂದ ಹೆಂಗ ಹೇಳ್ತಾಳ? ಬಣ್ಣ ತಗಸು ಅಂದ್ಳಲ್ಲ. ಅಷ್ಟು ಹೇಳಿದ್ಲಲ್ಲವ್ವ."

ಅಷ್ಟು ಹೇಳಿದ್ದಳು.

ಬಣ್ಣ ತೆಗೆಸಿ ಎರಡಕ್ಕೂ ಸುಣ್ಣ ಬಳಿಸುತ್ತೇನೆ ಎಂದೆ. ಬಣ್ಣ ಹೋದರೂ ಆಣೆ ಹೋಗುವುದಿಲ್ಲ ಎಂದಳು ಅಜ್ಜಿ. ಆಣೆ ಇರುವುದು ಆ ನಲ್ಲಿಯ ಮೇಲೆ. ಹಾಗಾದರೆ ಏನು ಮಾಡಲಿ ಎಂದು ಕೇಳಿದೆ. ಆ ಹಟ್ಟಿಯಲ್ಲಿ ನಾನು ನಿಜವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಅಜ್ಜಿ ತಂಬಾಕು ತಿಕ್ಕಿ ಬಾಯಿಗಿಟ್ಟುಕೊಂಡು, "ತೊಟ್ಟಿಗೆ ನಾಕು ಮಗ್ಗಲು ಐತಲ್ಲ. ಈ ಕಡಿಗೆ ಇನ್ನೊಂದು ನಲ್ಲಿ ಇಡು. ಅದರ ಮ್ಯಾಲೆ ಯಾರದೂ ಆಣಿಲ್ಲ" ಎಂದಳು.

ಮರುದಿನ ನಲ್ಲಿಯವನನ್ನು ಕರೆದೊಯ್ದೆ. ತೊಟ್ಟಿಯ ಇನ್ನೊಂದು ಮಗ್ಗುಲಿಗೆ ತೂತು ಹಾಕಿ ನಲ್ಲಿ ಕೂರಿಸಿ, ಇಡೀ ತೊಟ್ಟಿಗೂ ಬೋರಿಂಗಿಗೂ ಸುಣ್ಣ ಬಳಿಸಿದೆ. ಮೈಲಪ್ಪ ಬಂದು ಸುತ್ತು ಹಾಕಿ ನೋಡಿದ. "ಇದು ಬ್ಯಾರೆ ನಲ್ಲಿ ಐತಲ್ಲ" ಎಂದು ತನಗೇ ಹೇಳಿಕೊಂಡು, ತಾನೇ ಕೊಡ ತಂದು ತುಂಬಿದ. ಅವನಿಗೂ ಬೇಕಾಗಿತ್ತು ಪಾಪ, ಎರಡು ಹೆಣ್ಣುಮಕ್ಕಳ ತಂದೆ. ಮಧ್ಯಾಹ್ನದೊಳಗೆ ಮುಗಿದ ಕೆಲಸಕ್ಕೆ ನಾನು ಒಂದು ವರ್ಷ ತೆಗೆದುಕೊಂಡಿದ್ದೆ.

ರಾಜಶೇಖರ ಸರ್‌ಗೆ ಹೇಳಿದಾಗ ಮೊದಲು ನಕ್ಕರು, ಆಮೇಲೆ "ಇದನ್ನ ವರದಿಗೆ ಹಾಕಬೇಡಿ" ಎಂದರು. ಹಾಕಲಿಲ್ಲ. ಆದರೆ ಅಲ್ಲಿಂದ ಮುಂದೆ ಯಾವ ಹಟ್ಟಿಯಲ್ಲಿ ಡಬ್ಬಿ ತೆರೆದರೂ, "ಈ ಊರಲ್ಲಿ ಕೆಂಪು ಯಾರದು?" ಎಂದು ಕೇಳಿಯೇ ತೆರೆಯುತ್ತಿದ್ದೆ. ಜನ ನಗುತ್ತಿದ್ದರು, ಉತ್ತರವನ್ನೂ ಕೊಡುತ್ತಿದ್ದರು. ಈಗ ಆ ಬಣ್ಣದ ಕಾಲ ಮುಗಿಯಿತು. ಎಷ್ಟೋ ಕಡೆ ಹೊಳೆಯ ನೀರು ಪೈಪಿನಲ್ಲಿ ಮನೆ ಬಾಗಿಲಿಗೇ ಬರುತ್ತದೆ, ಊರೂರಿಗೆ ಶುದ್ಧ ನೀರಿನ ಘಟಕಗಳಿವೆ. ನಿಮ್ಮ ತಪ್ಪುಗಳು ಬೇರೆಯಾಗಿರುತ್ತವೆ.

ರೇಣುಕಾಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವಳಿಗೆ ಏಳು ತುಂಬಿತ್ತು. ನಾನು ಹಟ್ಟಿಗೆ ಹೋದಾಗ ಗಾಳೆಮ್ಮ ಮಗಳನ್ನು ಕರೆದು, ಕುರಿಯ ವಯಸ್ಸು ನೋಡುವಾಗ ಎತ್ತುವ ಹಾಗೆ ಹೆಬ್ಬೆರಳಿನಿಂದ ಮೇಲಿನ ತುಟಿ ಎತ್ತಿ ತೋರಿಸಿದಳು. ಮುಂದಿನ ಹಲ್ಲುಗಳ ಮೇಲೆ ಅಡ್ಡಕ್ಕೆ ಒಂದು ಕಂದು ಗೆರೆ. ಅವಳೇ, "ಕಾಲು ನೆಟ್ಟಗದಾವು ಬಿಡ್ರಿ ಅಕ್ಕಾರ. ಮಾತು ಉಳಿಸ್ಕಂಡ್ರಿ ನೀವು" ಎಂದಳು. ಕೋಲು ಊರಿಕೊಂಡು ದುರುಗಮ್ಮ ಅಲ್ಲೇ ನಿಂತಿದ್ದಳು. ನಾನು ಹ್ಞೂಂ ಎಂದೆ. ಆ ಹ್ಞೂಂ ನೆನೆದರೆ ನನಗೆ ಇವತ್ತಿಗೂ ನನ್ನ ಮೇಲೆ ಹೇಸಿಗೆ.

ರೇಣುಕಾ ಈಗ ಕೊಟ್ಟೂರಿನಲ್ಲಿ ಕಾಲೇಜು ಓದುತ್ತಾಳೆ, ನನ್ನ ಮನೆಯಿಂದ ಎರಡು ಬೀದಿ ಆಚೆಯ ಹಾಸ್ಟೆಲಿನಲ್ಲಿ. ಭಾನುವಾರ ರೊಟ್ಟಿ ತಿನ್ನಲು ಬರುತ್ತಾಳೆ. ಒಳ್ಳೆಯ ಓಟಗಾರ್ತಿ, ಮಾತಿನ ಮಲ್ಲಿ. ನಗುವಾಗ ಮಾತ್ರ ಅಂಗೈ ಬಾಯಿಗೆ ಅಡ್ಡ. ಹೋದ ತಿಂಗಳು, "ಅಕ್ಕಾರ, ಹಲ್ಲಿನ ಡಾಕ್ಟ್ರ ಹತ್ರ ಕರಕಂಡು ಹೋಗ್ರಿ. ಅವ್ವ ನಿಮ್ಮ ಜೋಡಿನ ಹೋಗು ಅಂದಾಳ" ಎಂದಳು. ಹರಪನಹಳ್ಳಿಗೆ ಹೋದೆವು.

ಡಾಕ್ಟರು ಚಿಕ್ಕ ವಯಸ್ಸಿನವರು. ದೀಪ ಹಿಡಿದು ನೋಡಿದರು. ಉಜ್ಜಿದರೆ ಸ್ವಲ್ಪ ತಿಳಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು. ಆಮೇಲೆ ಇನ್ನೊಮ್ಮೆ ಬಗ್ಗಿ ನೋಡಿದರು.

"ವಿಚಿತ್ರ ಐತೆ ನೋಡ್ರಿ ಮೇಡಂ. ಫ್ಲೋರೈಡ್ ಊರಿನೋರ ಹಲ್ಲು ಪೂರಾ ಕಂದಾಗಿರ್ತಾವೆ. ಇವಳದು ಮೇಲೂ ಬೆಳ್ಳಗೈತೆ, ಕೆಳಗೂ ಬೆಳ್ಳಗೈತೆ, ನಡುವೆ ಮಾತ್ರ ಒಂದು ಗೆರೆ. ಈ ಹಲ್ಲು ಎಳೇ ವಯಸ್ಸಲ್ಲೇ ವಸಡಿನ ಒಳಗೆ ತಯಾರಾಗ್ತಾವೆ. ನನ್ನ ಲೆಕ್ಕಕ್ಕೆ ಎರಡು ವರ್ಷ ತುಂಬಿದ ಸುಮಾರಿನಿಂದ ಒಂದು ವರ್ಷದಷ್ಟು ಮಾತ್ರ ಕೆಟ್ಟ ನೀರು ಕುಡಿದಿದಾಳೆ. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ." ರೇಣುಕಾಳ ಕಡೆ ತಿರುಗಿದರು. "ಆ ಒಂದು ವರ್ಷ ಬೇರೆ ಊರಲ್ಲಿದ್ರೇನಮ್ಮಾ?"

ಅವಳಿ‌ಗೇನು ಗೊತ್ತು? ಅವಳ ತಾಯಿ ಇಷ್ಟು ವರ್ಷ ಒಂದು ಮಾತೂ ಹೇಳಿರಲಿಲ್ಲ. ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡೇ ನನ್ನನ್ನು ಕೇಳಿದಳು: "ಎಲ್ಲಿದ್ದೆ ಅಕ್ಕಾರ ನಾನಾಗ?"

"ನಿಮ್ಮ ಮನ್ಯಾಗೇ ಇದ್ದಿ" ಎಂದೆ. "ಹಟ್ಟ್ಯಾಗ ಒಳ್ಳೇ ನೀರೂ ಇತ್ತು. ಅದು ನಿನ್ನ ಬಾಯಿಗೆ ಬರಬೇಕಂದ್ರ ಏನು ಮಾಡಬೇಕಂತ ನಿಮ್ಮವ್ವ ನಿನ್ನ ಎತ್ಕಂಡು ಬಂದು ನನಗ ಹೇಳಿದ್ಳು. ನಾ ಕೇಳಲಿಲ್ಲ."